ಎದುರಾಳಿಯನ್ನು ಅಳೆದು ಆಡಿಸಿದ ಶಿಕ್ಷಕ: ಮರ್ಹೂಂ ಸೈಯದ್ ಅಬ್ದುಲ್ ರಹೀಂ



ಬೇಸಗೆ ರಜೆ ಮುಗಿದು, ಕೊಡಚಾದ್ರಿಯ ಮೇಲೆ ಮೋಡ ಕವಿದು, ಸೌಪರ್ಣಿಕೆಯ ನೀರು ಕೆಂಪಾಗುವ ಹೊತ್ತಿಗೆ ನಮ್ಮ ಕಾಲೇಜುಗಳ ಬಾಗಿಲು ತೆರೆಯುತ್ತದೆ. ಕೊಲ್ಲೂರಿನಿಂದ ಜಡ್ಕಲ್, ವಂಡ್ಸೆ, ಹೆಮ್ಮಾಡಿ ದಾರಿಯಾಗಿ ಕುಂದಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವ ನಿಮಗೆ ಆಗ ಒಂದು ಚರ್ಚೆ ಕಿವಿಗೆ ಬಿದ್ದೇ ಬೀಳುತ್ತದೆ. ಈ ವರ್ಷ ಆ ಕಾಲೇಜಿನ ಫುಟ್‌ಬಾಲ್ ತಂಡ ಹೇಗಿದೆ? ಕೇರಳದ ಹುಡುಗರು ಎಷ್ಟು ಮಂದಿ ಸೇರಿದ್ದಾರೆ? ಕಳೆದ ವರ್ಷದ ಗೋಲ್‌ಕೀಪರ್ ಪಾಸಾಗಿ ಹೋದನೋ, ಇನ್ನೂ ಇದ್ದಾನೋ? ಒಬ್ಬ ಅವರನ್ನು ಸೋಲಿಸಲು ಯಾರಿಂದಲೂ ಆಗದು ಎನ್ನುತ್ತಾನೆ. ಇನ್ನೊಬ್ಬ ಅವರದ್ದೇನೂ ಇಲ್ಲ, ಬರೀ ಹೆಸರು ಮಾತ್ರ ಎನ್ನುತ್ತಾನೆ. ಇಬ್ಬರೂ ಆ ತಂಡ ಆಡುವುದನ್ನು ಈ ವರ್ಷ ನೋಡಿರುವುದಿಲ್ಲ.

ತಕ್ಕಡಿಯಲ್ಲಿ ಕಡಿಮೆ ತೂಗಬಾರದೆಂದು ನಮಗೆ ಚಿಕ್ಕಂದಿನಿಂದ ಮದ್ರಸದಲ್ಲಿ ಕಲಿಸಿದ್ದಾರೆ. ಅಂಗಡಿಯ ಅಕ್ಕಿಗೆ ಮಾತ್ರ ಆ ಪಾಠ ಎಂದು ನಾವು ತಿಳಿದಿರಬಹುದು. ಆದರೆ ಎದುರಾಳಿಯ ಬಲವನ್ನು ಕೂಡ ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ತೂಗಲು ಕಲಿತ ಒಬ್ಬ ಶಾಲಾ ಶಿಕ್ಷಕರಿದ್ದರು. ಭಾರತದ ಫುಟ್‌ಬಾಲ್ ಏಷ್ಯಾದಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು ಅವರ ಕಾಲದಲ್ಲಿ. ಅವರ ಜೀವನವನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ.

ಸೈಯದ್ ಅಬ್ದುಲ್ ರಹೀಂ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ರಾಜ್ಯ. ಇಂದು ನಮ್ಮ ಕರ್ನಾಟಕದಲ್ಲಿರುವ ಬೀದರ್, ಗುಲ್ಬರ್ಗಾ (ಈಗಿನ ಕಲಬುರಗಿ), ರಾಯಚೂರು ಅದೇ ರಾಜ್ಯಕ್ಕೆ ಸೇರಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅವರು ಪದವಿ ಪಡೆದರು. ಅಲ್ಲಿ ಕಲಿಸುವ ಭಾಷೆ ಉರ್ದು ಆಗಿತ್ತು. ಮಾತೃಭಾಷೆಯಲ್ಲಿ ಓದಿದರೆ ಮುಂದೆ ಬರಲಾಗದು ಎಂದು ಹೇಳುವವರು ಈ ಮಾತನ್ನು ಗಮನಿಸಬೇಕು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ರಹೀಂ ಪದವಿಯ ಬಳಿಕ ಶಿಕ್ಷಕರಾದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಆಟದ ಹೊಣೆಯನ್ನೂ ಹೊತ್ತರು. ಕಾಚಿಗುಡ, ದಾರುಲ್ ಉಲೂಂ, ಚಾದರ್‌ಘಾಟ್ ಮುಂತಾದ ಶಾಲೆಗಳಲ್ಲಿ ಪಾಠ ಮಾಡಿದರು. ಜನ ಕೊನೆಯವರೆಗೂ ಅವರನ್ನು ರಹೀಂ ಸಾಬ್ ಎಂದೇ ಕರೆದರು.

ಅವರು ದೊಡ್ಡ ಆಟಗಾರರಾಗಿ ಹೆಸರು ಮಾಡಿದವರಲ್ಲ. ತರಗತಿಯಲ್ಲಿ ನಲವತ್ತು ಮಕ್ಕಳ ಮುಂದೆ ನಿಂತು, ಯಾರಿಗೆ ಲೆಕ್ಕ ಬರುತ್ತದೆ, ಯಾರು ಉರು ಹೊಡೆದು ಒಪ್ಪಿಸುತ್ತಿದ್ದಾರೆ ಎಂದು ಮುಖ ನೋಡಿ ತಿಳಿಯುವ ಅಭ್ಯಾಸ ಶಿಕ್ಷಕರಿಗೆ ಇರುತ್ತದೆ. ಆ ಕಣ್ಣನ್ನೇ ಅವರು ಮೈದಾನಕ್ಕೆ ತಂದರು ಎಂದು ನನಗೆ ಅನಿಸುತ್ತದೆ.

1943ರಲ್ಲಿ ರಹೀಂ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯನ್ನೂ ವಹಿಸಿಕೊಂಡರು. ಅದೇ ವರ್ಷ ಸಿಟಿ ಪೊಲೀಸ್ ತಂಡ ಬೆಂಗಳೂರಿನ ಆಶೆ ಗೋಲ್ಡ್ ಕಪ್ ಪಂದ್ಯಾವಳಿಯಲ್ಲಿ ಬ್ರಿಟಿಷ್ ರಾಯಲ್ ಏರ್‌ಫೋರ್ಸ್ ತಂಡವನ್ನು ಸೋಲಿಸಿತು. ಆ ಏರ್‌ಫೋರ್ಸ್ ತಂಡದಲ್ಲಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಡೆನಿಸ್ ಕಾಂಪ್ಟನ್ ಇದ್ದರು. ಕ್ರಿಕೆಟಿನಲ್ಲೂ ಇಂಗ್ಲೆಂಡಿಗೆ ಆಡಿದ ಅದೇ ಕಾಂಪ್ಟನ್. ಹೆಸರು ಕೇಳಿಯೇ ಎದೆ ನಡುಗುವ ತಂಡವದು. ಪೊಲೀಸರ ಕಾಲು ನಡುಗಲಿಲ್ಲ.

ಇಲ್ಲಿ ಬೆಂಗಳೂರಿನ ವಿಷಯವನ್ನೂ ಸ್ವಲ್ಪ ಹೇಳಬೇಕು. ದಕ್ಷಿಣ ಭಾರತದಲ್ಲಿ ಹೈದರಾಬಾದಿಗೆ ಸರಿಸಮನಾಗಿ ನಿಲ್ಲುತ್ತಿದ್ದ ಊರೆಂದರೆ ಬೆಂಗಳೂರು. ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೈನ್ಯದ ತಂಡಗಳೇ ವರ್ಷ ವರ್ಷ ಗೆಲ್ಲುತ್ತಿದ್ದಾಗ, 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಫೈನಲಿನಲ್ಲಿ ಅವರ ಎದುರು ಇದ್ದದ್ದು ಕಲ್ಕತ್ತಾದ ಮುಹಮ್ಮದನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು. ಇಡೀ ದೇಶ ಕಲ್ಕತ್ತಾದವರು ಗೆಲ್ಲುವರೆಂದು ನಂಬಿದ್ದರೆ ಆಶ್ಚರ್ಯವಿರಲಿಲ್ಲ. ಬೆಂಗಳೂರಿನವರು 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಮೂರನೆಯ ಬಾರಿ ಗೆದ್ದರು. ಒಲಿಂಪಿಯನ್ ಅಹ್ಮದ್ ಖಾನ್ ಈ ಬೆಂಗಳೂರಿನ ಮಣ್ಣಿನಲ್ಲೇ ಆಟ ಕಲಿತವರು. 1952ರಲ್ಲಿ ಮೈಸೂರು ರಾಜ್ಯದ ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಪಡೆಯಿತು. ಹೀಗೆ ಪಕ್ಕದಲ್ಲೇ ಇಂತಹ ಬಲವಾದ ಎದುರಾಳಿ ಇದ್ದದ್ದು ಹೈದರಾಬಾದಿಗೆ ಲಾಭವೇ ಆಯಿತು. ಒಳ್ಳೆಯ ಎದುರಾಳಿ ಇಲ್ಲದ ಊರಿನಲ್ಲಿ ಒಳ್ಳೆಯ ತಂಡವೂ ಹುಟ್ಟುವುದಿಲ್ಲ.

ರಹೀಂ ಸಾಹೇಬರ ತರಬೇತಿ ಹೇಗಿತ್ತು ಎಂದು ನೀವು ಕೇಳಬಹುದು. ಅಂದಿನ ನಮ್ಮ ಆಟಗಾರರಿಗೆ ಚೆಂಡು ಸಿಕ್ಕಿತೆಂದರೆ ಬಿಡಲು ಮನಸ್ಸಿರಲಿಲ್ಲ. ಒಬ್ಬನನ್ನು ತಪ್ಪಿಸಿ, ಇನ್ನೊಬ್ಬನನ್ನು ತಪ್ಪಿಸಿ, ಜನರ ಚಪ್ಪಾಳೆ ಗಿಟ್ಟಿಸಿ, ಕೊನೆಗೆ ಚೆಂಡನ್ನು ಕಳೆದುಕೊಳ್ಳುವುದೇ ಆಟ. ಈಗಲೂ ನಮ್ಮ ಮೈದಾನಗಳಲ್ಲಿ ಆ ರೋಗ ಪೂರ್ತಿ ವಾಸಿಯಾಗಿಲ್ಲ ಎಂಬುದು ಬೇರೆ ಮಾತು! ರಹೀಂ ಅವರು ಡ್ರಿಬ್ಲಿಂಗ್ ಮಾಡಲೇಬಾರದು ಎಂಬ ನಿಯಮದ ಪಂದ್ಯಾವಳಿಗಳನ್ನು ಹೈದರಾಬಾದಿನಲ್ಲಿ ಏರ್ಪಡಿಸಿದರು. ಚೆಂಡು ಬಂದ ಕೂಡಲೇ ಒಂದೇ ಸ್ಪರ್ಶದಲ್ಲಿ ಜೊತೆಗಾರನಿಗೆ ದಾಟಿಸಬೇಕು. ಇನ್ನೊಂದು ಬಗೆಯ ಪಂದ್ಯಾವಳಿಯಲ್ಲಿ ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ ಮಾತ್ರ ಒದೆಯಬೇಕು.

ಈ ನಿಯಮಗಳ ಹಿಂದೆ ಒಂದು ಲೆಕ್ಕವಿದೆ. ಒಂದೇ ಕಾಲಿನಲ್ಲಿ ಆಡುವವನನ್ನು ತಡೆಯುವುದು ಎದುರಾಳಿಗೆ ಸುಲಭ. ಅವನು ಯಾವ ಕಡೆ ತಿರುಗುತ್ತಾನೆಂದು ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಅಂದರೆ ರಹೀಂ ಸಾಹೇಬರು ತಮ್ಮ ತಂಡವನ್ನು ಎದುರಾಳಿಯ ಕಣ್ಣಿನಿಂದ ನೋಡಿದರು. ನಮ್ಮಲ್ಲಿ ಏನನ್ನು ಕಂಡರೆ ಅವರಿಗೆ ಸಂತೋಷವಾಗುತ್ತದೆ? ಅದನ್ನು ಮೊದಲು ಇಲ್ಲದಂತೆ ಮಾಡಬೇಕು. ಮುಂದಿನ ಸಲ ನೀವು ಇನ್ನೊಂದು ಕಾಲೇಜಿನ ತಂಡ ಅಭ್ಯಾಸ ಮಾಡುವುದನ್ನು ನೋಡಲು ಹೋದರೆ, ಅವರ ದೊಡ್ಡ ಆಟಗಾರ ಎಷ್ಟು ಗೋಲು ಹೊಡೆದ ಎಂದು ಎಣಿಸುತ್ತಾ ನಿಲ್ಲಬೇಡಿ. ಚೆಂಡು ಅವನ ಒಲ್ಲದ ಕಾಲಿಗೆ ಬಂದಾಗ ಏನು ಮಾಡುತ್ತಾನೆ ಎಂದು ನೋಡಿ. ಚೆಂಡು ಅವನ ಬಳಿ ಇಲ್ಲದಾಗ ಎಲ್ಲಿ ನಿಲ್ಲುತ್ತಾನೆ ಎಂದು ನೋಡಿ.

ಫಲ ಬೇಗ ಬಂತು. 1950ರಿಂದ 1954ರವರೆಗೆ ಸತತ ಐದು ಸಲ ಸಿಟಿ ಪೊಲೀಸ್ ರೋವರ್ಸ್ ಕಪ್ ಗೆದ್ದಿತು. 1950ರಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡುರಾಂಡ್ ಕಪ್ ಕೂಡ ಪಡೆಯಿತು. ಭಾರತ ತಂಡದ ತರಬೇತಿಯ ಹೊಣೆ ರಹೀಂ ಅವರಿಗೆ ಬಂದದ್ದೂ ಆ ದಿನಗಳಲ್ಲೇ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಸಾಹು ಮೇವಾಲಾಲ್ ಹೊಡೆದ ಒಂದು ಗೋಲಿನಿಂದ ಭಾರತ ಇರಾನನ್ನು ಸೋಲಿಸಿ ಚಿನ್ನ ಗೆದ್ದಿತು.

ಮರುವರ್ಷ ಹೆಲ್ಸಿಂಕಿ. ಮಿತ್ರರೇ, ಇದನ್ನು ಬೇಗ ಹೇಳಿ ಮುಗಿಸಬಾರದು. ಏಕೆಂದರೆ ದೊಡ್ಡವರ ಜೀವನ ಬರೆಯುವಾಗ ಸೋಲನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿದೆ. 1952ರ ಒಲಿಂಪಿಕ್ಸಿನಲ್ಲಿ ಭಾರತ ಯುಗೊಸ್ಲಾವಿಯದ ಎದುರು 10-1ರಿಂದ ಸೋತಿತು. ನಮ್ಮ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮ ಹೆಚ್ಚಿನ ಆಟಗಾರರು ಆಗ ಬರಿಗಾಲಿನಲ್ಲಿ ಆಡುತ್ತಿದ್ದರು. ಫಿನ್‌ಲೆಂಡಿನ ತಣ್ಣಗಿನ ಒದ್ದೆ ನೆಲದಲ್ಲಿ ಬರಿಗಾಲಿಗೆ ಹಿಡಿತ ಸಿಗುವುದು ಹೇಗೆ? ಊರಿನಲ್ಲಿ ಪಂದ್ಯಗಳು ನಡೆಯುತ್ತಿದ್ದುದು ಎಪ್ಪತ್ತು ನಿಮಿಷ, ಅಲ್ಲಿ ಆಡಬೇಕಾದದ್ದು ತೊಂಬತ್ತು. ಎದುರಿಗಿದ್ದದ್ದು ಆ ಕೂಟದಲ್ಲಿ ಬೆಳ್ಳಿ ಗೆದ್ದ ತಂಡ. ಏಷ್ಯಾದ ಚಿನ್ನ ಕಿಸೆಯಲ್ಲಿದೆ ಎಂಬ ಭರವಸೆಯಿಂದ ಹೋದವರಿಗೆ ಯುರೋಪಿನ ಅಳತೆಗೋಲು ಬೇರೆ ಎಂದು ಅಲ್ಲಿ ತಿಳಿಯಿತು.

ಹತ್ತು ಗೋಲುಗಳ ಸೋಲಿನ ನಂತರ ವಿಧಿಯನ್ನು ದೂರಬಹುದು, ಚಳಿಯನ್ನು ದೂರಬಹುದು, ರೆಫರಿಯನ್ನು ದೂರಬಹುದು. ಬರಿಗಾಲಿನ ಕಾಲ ಮುಗಿಯಿತೆಂದು ದೇಶ ಆ ಸೋಲಿನಿಂದ ಕಲಿಯಿತು, ಬೂಟು ಕಡ್ಡಾಯವಾಯಿತು. ರಹೀಂ ಸಾಹೇಬರು ಯುರೋಪಿನ ಹೊಸ ಆಟವನ್ನು, ವಿಶೇಷವಾಗಿ ಹಂಗೇರಿಯವರ ರೀತಿಯನ್ನು, ಮನಸ್ಸಿಟ್ಟು ಅಭ್ಯಾಸ ಮಾಡಿದರು. ಸೆಂಟರ್ ಫಾರ್ವರ್ಡ್ ಎದುರಾಳಿಯ ಗೋಲಿನ ಬಾಯಿಯಲ್ಲೇ ಕಾದು ನಿಲ್ಲದೆ ಹಿಂದಕ್ಕೆ ಸರಿದು ಬಂದರೆ, ಅವನನ್ನು ಕಾಯುವ ರಕ್ಷಣಾ ಆಟಗಾರನಿಗೆ ಗೊಂದಲ. ಹಿಂಬಾಲಿಸಿ ಬಂದರೆ ಹಿಂದೆ ಜಾಗ ಖಾಲಿ, ಬಾರದಿದ್ದರೆ ಇವನಿಗೆ ಬಿಡುವು. ಸೋಲಿಸಿದವನಿಂದ ಕಲಿಯಲು ನಾಚಿಕೆಪಡದ ಮನುಷ್ಯ ಅವರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಮದ್ರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ, ಅದರೊಂದಿಗೆ ಕುಂದಾಪುರ, ಕೊಲ್ಲೂರು ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. ಹೈದರಾಬಾದ್ ರಾಜ್ಯ ಒಡೆದು ಬೀದರ್, ಗುಲ್ಬರ್ಗಾ, ರಾಯಚೂರು ಕೂಡ ನಮ್ಮೊಂದಿಗೆ ಸೇರಿದವು. ಸರಿಯಾಗಿ ಒಂದು ತಿಂಗಳ ಬಳಿಕ, ಡಿಸೆಂಬರ್ 1ರಂದು, ರಹೀಂ ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲಿನಲ್ಲಿ ಆಸ್ಟ್ರೇಲಿಯದ ಎದುರು ಇಳಿಯಿತು. ಹಂಗೇರಿ ಹಿಂದೆ ಸರಿದ ಕಾರಣ ಮೊದಲ ಸುತ್ತು ಆಡದೆಯೇ ದಾಟಿತ್ತು. ಹೀಗಾಗಿ ಭಾರತಕ್ಕೆ ಅದೃಷ್ಟ ಒಲಿದಿದೆ ಅಷ್ಟೇ ಎಂದು ತಿಳಿದವರಿಗೆ ಉತ್ತರ ಮೈದಾನದಲ್ಲಿ ಸಿಕ್ಕಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು, ಒಟ್ಟು 4-2. ಅದೇ ತಿಂಗಳು ಸಿಡ್ನಿಯಲ್ಲಿ ಎರಡೂ ತಂಡಗಳು ಸ್ನೇಹ ಪಂದ್ಯ ಆಡಿದಾಗ ಭಾರತ 7-1ರಿಂದ ಗೆದ್ದಿತು. ನಮ್ಮ ಮೈಸೂರು ರಾಜ್ಯದ ಹಾಫ್ ಬ್ಯಾಕ್ ಕೆಂಪಯ್ಯ ಆ ಒಲಿಂಪಿಕ್ ತಂಡದಲ್ಲಿದ್ದರು ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು.

ಸೆಮಿಫೈನಲಿನಲ್ಲಿ ಮತ್ತೆ ಅದೇ ಯುಗೊಸ್ಲಾವಿಯ. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದವರ ಎದುರು ಈ ಸಲ ಮೊದಲ ಗೋಲು ಹೊಡೆದದ್ದು ಭಾರತ. ಕೊನೆಗೆ 4-1ರಿಂದ ಸೋತದ್ದು ನಿಜ. ಕಂಚಿನ ಪಂದ್ಯದಲ್ಲಿ ಬಲ್ಗೇರಿಯದ ಎದುರೂ ಸೋತು ನಾಲ್ಕನೆಯ ಸ್ಥಾನ ಬಂತು. ಏಷ್ಯಾದ ಯಾವ ತಂಡವೂ ಅದುವರೆಗೆ ಒಲಿಂಪಿಕ್ ಫುಟ್‌ಬಾಲಿನಲ್ಲಿ ಸೆಮಿಫೈನಲ್ ತಲುಪಿರಲಿಲ್ಲ. 1960ರ ರೋಮ್ ಕೂಟದಲ್ಲಿ ಫಲಿತಾಂಶ ಇಷ್ಟು ಚೆನ್ನಾಗಿರಲಿಲ್ಲ. ಆದರೂ ಹಂಗೇರಿಗೆ 2-1ರಷ್ಟೇ ಅಂತರದಿಂದ ಸೋತು, ಫ್ರಾನ್ಸಿನೊಂದಿಗೆ 1-1 ಸಮ ಮಾಡಿಕೊಂಡರು. ಆ ತಂಡದಲ್ಲಿ ಅವರ ಮಗ ಎಸ್. ಎಸ್. ಹಕೀಂ ಕೂಡ ಇದ್ದರು.

ಇನ್ನು 1962ರ ಜಕಾರ್ತ. ರಹೀಂ ಸಾಹೇಬರ ದೇಹ ಆಗಲೇ ಶ್ವಾಸಕೋಶದ ಕ್ಯಾನ್ಸರಿನಿಂದ ಸೊರಗುತ್ತಿತ್ತು. ಏಷ್ಯನ್ ಕೂಟದ ಮೊದಲ ಪಂದ್ಯವೇ ದಕ್ಷಿಣ ಕೊರಿಯದ ಎದುರು, 2-0ರಿಂದ ಸೋಲು. ಮುಂದಿನ ಪಂದ್ಯದಲ್ಲಿ ಥಾಯ್ಲೆಂಡನ್ನು 4-1ರಿಂದ ಸೋಲಿಸಿದರೂ ರಕ್ಷಣೆಯ ಕಂಬವಾಗಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದ್ದರು. ಜಪಾನನ್ನು 2-0ರಿಂದ ಸೋಲಿಸಿ ಭಾರತ ಸೆಮಿಫೈನಲ್ ಸೇರಿತು.

ಅಂದಿನ ಪರಿಸ್ಥಿತಿಯನ್ನು ನೀವು ಒಮ್ಮೆ ಊಹಿಸಿ. ಮುಖ್ಯ ಆಟಗಾರನ ತಲೆಗೆ ಬ್ಯಾಂಡೇಜ್. ಹಿಂದೆ ನಿಲ್ಲಿಸಿದರೆ ಎತ್ತರದ ಚೆಂಡುಗಳನ್ನು ಪಂದ್ಯವಿಡೀ ತಲೆಯಿಂದಲೇ ತಡೆಯಬೇಕು, ಹೊಲಿಗೆ ಬಿಚ್ಚಿಹೋದೀತು. ಕೂರಿಸಿದರೆ ತಂಡ ಬಡವಾಗುತ್ತದೆ. ಜರ್ನೈಲ್ ತಮ್ಮ ಕಾಲೇಜು ದಿನಗಳಲ್ಲಿ ಸೆಂಟರ್ ಫಾರ್ವರ್ಡ್ ಆಗಿ ಆಡಿದವರು. ರಹೀಂ ಅವರನ್ನು ಹಿಂದಿನಿಂದ ತೆಗೆದು ಮುಂಚೂಣಿಗೆ ಹಾಕಿದರು. ಎದುರಾಳಿಗಳು ಕಂಡಿದ್ದ ಜರ್ನೈಲ್ ರಕ್ಷಣೆಯ ಜರ್ನೈಲ್, ಈ ಜರ್ನೈಲನ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮನ್ನು 3-2ರಿಂದ ಸೋಲಿಸಿದಾಗ ನಾಯಕ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದರು.

ಸೆಪ್ಟೆಂಬರ್ 4ರಂದು ಫೈನಲ್. ಎದುರಾಳಿ ಮತ್ತೆ ದಕ್ಷಿಣ ಕೊರಿಯ, ಒಂಬತ್ತು ದಿನಗಳ ಹಿಂದೆ ಸೋಲಿಸಿದ್ದ ತಂಡ. ಹೊರಗಿನ ವಾತಾವರಣವೂ ಕೆಟ್ಟಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೊನೇಷ್ಯ ಪ್ರವೇಶ ಕೊಡದಿದ್ದುದನ್ನು ಏಷ್ಯನ್ ಕ್ರೀಡಾ ಒಕ್ಕೂಟದ ಭಾರತೀಯ ಪದಾಧಿಕಾರಿ ಜಿ. ಡಿ. ಸೋಂಧಿ ಪ್ರಶ್ನಿಸಿದ್ದರು. ಅದರಿಂದ ಜಕಾರ್ತದ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಸುಮಾರು ಒಂದು ಲಕ್ಷ ಜನ ತುಂಬಿದ ಕ್ರೀಡಾಂಗಣದಲ್ಲಿ ನಮ್ಮವರಿಗೆ ಕೇಳಿದ್ದು ಬರೀ ಕೂಗು, ಧಿಕ್ಕಾರ. ಆ ಗದ್ದಲದ ನಡುವೆ ಭಾರತಕ್ಕಾಗಿ ಕೂಗಿ ಹುರಿದುಂಬಿಸಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂಬುದನ್ನು ಅಂದು ಆಡಿದವರು ಮುಂದೆ ಬಹಳ ವರ್ಷ ನೆನೆಯುತ್ತಿದ್ದರು. ಹಿಂದಿನ ರಾತ್ರಿ ರಹೀಂ ಸಾಹೇಬರು ತಮ್ಮ ಹುಡುಗರ ಬಳಿ ನಾಳೆಯ ಚಿನ್ನವನ್ನು ತಮಗೆ ಉಡುಗೊರೆಯಾಗಿ ಕೊಡಿ ಎಂದು ಕೇಳಿಕೊಂಡರೆಂದು ಹೇಳುತ್ತಾರೆ.

ನನ್ನ ತಿಳುವಳಿಕೆಯ ಮಟ್ಟಿಗೆ ಆ ಮೊದಲ ಸೋಲೇ ಫೈನಲಿನ ತಯಾರಿ. ಕೊರಿಯದವರು ಹೇಗೆ ಓಡುತ್ತಾರೆ, ಎಲ್ಲಿ ಒತ್ತಡ ಹಾಕುತ್ತಾರೆ ಎಂಬುದನ್ನು ಹೇಳಿಕೆ ಕೇಳಿಯಲ್ಲ, ಕಣ್ಣಾರೆ ಕಂಡಿದ್ದರು. ಕೊರಿಯದವರ ಬಳಿ ಇದ್ದ ಭಾರತದ ಚಿತ್ರವೂ ಅದೇ ಮೊದಲ ಪಂದ್ಯದ್ದು. ರಹೀಂ ತಮ್ಮ ಬಳಿಯ ಚಿತ್ರವನ್ನು ಉಳಿಸಿಕೊಂಡು, ಅವರ ಬಳಿಯ ಚಿತ್ರವನ್ನು ಸುಳ್ಳು ಮಾಡಿದರು. ಜ್ವರದಿಂದ ಎದ್ದ ಎತ್ತರದ ತಂಗರಾಜ್ ಗೋಲಿಗೆ ಮರಳಿದರು. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ, 20ನೆಯ ನಿಮಿಷದಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್. ಕೊರಿಯ ಕೊನೆಯ ಐದು ನಿಮಿಷಗಳು ಉಳಿದಿರುವಾಗ ಒಂದು ಗೋಲು ಮರಳಿಸಿತು. 2-1ರಲ್ಲಿ ಪಂದ್ಯ ಮುಗಿಯಿತು, ಚಿನ್ನ ಭಾರತಕ್ಕೆ.

ಆ ಹನ್ನೊಂದು ಮಂದಿಯಲ್ಲಿ ಸಿಖ್ಖರಿದ್ದರು, ಬಂಗಾಳದ ಹಿಂದೂಗಳಿದ್ದರು, ಕ್ರೈಸ್ತರಿದ್ದರು, ಹೈದರಾಬಾದಿನ ಮುಸ್ಲಿಮರಿದ್ದರು. ಯಾರ ಹುಡುಗ ಎಂದು ನೋಡಿ ತಂಡ ಕಟ್ಟಿದ್ದರೆ ಆ ಚಿನ್ನ ಬರುತ್ತಿರಲಿಲ್ಲ. ಪಕ್ಕದ ಕಾಲೇಜಿನ ತಂಡದ ಪಟ್ಟಿ ಕೈಗೆ ಸಿಕ್ಕಿದಾಗ ಹೆಸರುಗಳನ್ನು ಓದಿ ಬಲಾಬಲ ನಿರ್ಧರಿಸುವವರಿಗೂ ಇದು ಅನ್ವಯಿಸುತ್ತದೆ.

2024ರಲ್ಲಿ ಅಜಯ್ ದೇವಗನ್ ನಟಿಸಿದ ಮೈದಾನ್ ಚಲನಚಿತ್ರದಿಂದ ನಿಮ್ಮಲ್ಲಿ ಹಲವರಿಗೆ ಈ ಕಥೆ ಪರಿಚಯವಾಗಿರಬಹುದು. ಸಿನಿಮಾ ಸಿನಿಮಾವೇ. ಅದರಲ್ಲಿ ಕಂಡದ್ದನ್ನೆಲ್ಲ ಇತಿಹಾಸವೆಂದು ಪರೀಕ್ಷೆಯಲ್ಲಿ ಬರೆಯಬೇಡಿ.

ಜಕಾರ್ತದಿಂದ ಮರಳಿದ ಮೇಲೆ ರಹೀಂ ಸಾಹೇಬರು ಹೆಚ್ಚು ದಿನ ಉಳಿಯಲಿಲ್ಲ. 1963ರ ಜೂನ್ 11ರಂದು, ಶಾಲೆಗಳು ಮತ್ತೆ ತೆರೆಯುವ ದಿನಗಳಲ್ಲಿ, ಅವರು ಇಹಲೋಕ ತ್ಯಜಿಸಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ವಯಸ್ಸು ಐವತ್ತಮೂರು. ಅವರ ನಂತರ ಭಾರತಕ್ಕೆ ಏಷ್ಯನ್ ಕೂಟದ ಫುಟ್‌ಬಾಲಿನಲ್ಲಿ ಚಿನ್ನ ಮತ್ತೆ ಬಂದಿಲ್ಲ. 1970ರಲ್ಲಿ ಬ್ಯಾಂಕಾಕಿನಲ್ಲಿ ಒಂದು ಕಂಚು ಬಂತು. ಆ ತಂಡದ ನಾಯಕ ಸೈಯದ್ ನಯೀಮುದ್ದೀನ್ ಹೈದರಾಬಾದಿನವರು, ಸಿಟಿ ಪೊಲೀಸ್ ತಂಡದಲ್ಲಿ ಆಡಿ ಮೇಲೆ ಬಂದವರು.